ಮೂರು ಭಾಷೆಯಲ್ಲೂ ಸಿಗದ ಸಮಾಧಾನ

ಬೆಳಗಿನ ಜಾವ ತಮಿಳು ಸೀಮೆಯ ಗಡಿಯಂಚಿನ ಉದ್ದನಪಲ್ಲಿಯ ಆಚೆಗಿನ ಈ ಹೊಲಕ್ಕೆ ಬಂದರೆ ಮೊದಲು ಸಿಗುವುದು ಕೊತ್ತಂಬರಿಯ ವಾಸನೆ, ಆಮೇಲೆ ಮನುಷ್ಯರು. ಸೊಪ್ಪಿನ ಮೇಲೆ ಇಬ್ಬನಿ ಇನ್ನೂ ಕೂತಿದೆ. ಹಣೆಗೆ ಬ್ಯಾಟರಿ ದೀಪ ಕಟ್ಟಿಕೊಂಡ ನಾಲ್ಕಾರು ಹೆಂಗಸರು ಕುಕ್ಕರಗಾಲಲ್ಲಿ ಸಾಲು ಹಿಡಿದು ಸರಿಯುತ್ತಿದ್ದಾರೆ. ಎಲ್ಲರಿಗಿಂತ ಒಂದು ಮಾರು ಮುಂದಿರುವವರು ವರಲಕ್ಷ್ಮಮ್ಮ. ಬುಡಕ್ಕೆ ಕೈ ಹಾಕಿ ಒಂದು ಹಿಡಿ ಕೀಳುತ್ತಾರೆ, ಬೇರಿನ ಮಣ್ಣನ್ನು ಮೊಣಕಾಲಿಗೆ ಬಡಿದು ಉದುರಿಸುತ್ತಾರೆ, ಸೊಂಟಕ್ಕೆ ಸಿಕ್ಕಿಸಿದ ಬಾಳೆನಾರು ಎಳೆದು ಬಿಗಿಯುತ್ತಾರೆ. ಅಷ್ಟರಲ್ಲಿ ಇನ್ನೊಂದು ಕೈ ಆಗಲೇ ಮುಂದಿನ ಬುಡದಲ್ಲಿರುತ್ತದೆ. ವಯಸ್ಸು ಐವತ್ತು ದಾಟಿದೆ. ಉಗುರಿನ ಸಂದಿನ ಕಪ್ಪು ಈ ಜನ್ಮಕ್ಕೆ ಹೋಗುವುದಿಲ್ಲವೆಂದು ಅವರೇ ಹೇಳಿಕೊಂಡು ನಗುತ್ತಾರೆ.

ಹೊಲದ ಬದುವಿನ ಮೇಲೆ ಟೆಂಪೊ ಬಂದು ನಿಲ್ಲುತ್ತದೆ. ಡ್ರೈವರ್ ಯುವರಾಜ್ ಕೆಳಗಿಳಿಯುವ ಮೊದಲೇ ವರಲಕ್ಷ್ಮಮ್ಮನ ದನಿ ಏಳುತ್ತದೆ.

"ಗೋಣಿ ನೆನೆಸಿದ್ಯೇನ್ಲಾ? ಒಣ ಗೋಣಿ ಹೊದಿಸ್ಕೊಂಡ್ ಹೋದ್ರೆ ಸೂಳಗಿರಿ ಮುಟ್ಟೋದ್ರಾಗೆ ಸೊಪ್ಪು ಸತ್ತೋಗ್ತದೆ ಕಣ್ಲಾ."

"ನೆನೆಸಿವ್ನಿ ಕಣಮ್ಮೋ, ಸಮಾಧಾನವಾಗಿರು" ಎನ್ನುತ್ತಾನೆ ಯುವರಾಜ್, ಬೇಕೆಂದೇ.

ಹೆಂಗಸರೆಲ್ಲ ಗೊಳ್ಳೆಂದು ನಗುತ್ತಾರೆ. ವರಲಕ್ಷ್ಮಮ್ಮನೂ ನಗುತ್ತಾರೆ, ಆದರೆ ಅರ್ಧ. ಸುತ್ತಿನ ಹಳ್ಳಿಗಳಲ್ಲಿ ಅವರ ಅಡ್ಡಹೆಸರು 'ಸಮಾಧಾನದಮ್ಮ'. ತಣ್ಣಗಿನ ಸ್ವಭಾವದವರೆಂದು ಕೊಟ್ಟ ಬಿರುದು ಇದಲ್ಲ. ಅವರ ಬಾಯಿ ಎಂಥದ್ದೆಂದು ಸೂಳಗಿರಿ ಮಂಡಿಯ ದಲ್ಲಾಳಿಗಳನ್ನು ಕೇಳಬೇಕು. ಗ್ರಾಮಸಭೆ ಸೇರಿದಾಗಲೆಲ್ಲ ಎದ್ದು ನಿಂತು ಒಂದೇ ಮಾತು ಕೇಳುತ್ತಾರೆಂದು ಊರು ಇಟ್ಟ ಹೆಸರು. ನದಿ ನೀರಿಗಾಗಿ ಎರಡು ರಾಜ್ಯಗಳು ಕಿತ್ತಾಡುವುದು ಬಿಟ್ಟು ಸಮಾಧಾನ ಮಾಡಿಕೊಳ್ಳಲಿ, ಜಗಳಕ್ಕೆ ಸುರಿಯುವ ದುಡ್ಡನ್ನು ಕೆರೆಗಳಿಗೆ ಹಾಕಲಿ. ಅವರ ಕೋರಿಕೆ ಇಷ್ಟೇ.

ಇಷ್ಟೇ ಎನ್ನುವುದು ಸುಲಭ. ಈ ಸೀಮೆಯಲ್ಲಿ ಬಾಯಿಂದ ಹೊರಟ ಒಂದು ಮಾತು ಮೂರು ಕಿವಿಗೆ ಮೂರಾಗಿ ಬೀಳುತ್ತದೆ. ಮೊದಲ ಸಲ ಅವರು ಎದ್ದು "ನಮಗೆ ಸಮಾಧಾನ ಬೇಕು" ಎಂದಾಗ, ಆಗ ವಾರ್ಡ್ ಸದಸ್ಯರಾಗಿದ್ದ ಬಚ್ಚಪ್ಪ "ಸಮಾಧಾನಂ ಇಸ್ತಾಮು, ಕೂರ್ಚೋ ಅಮ್ಮಾ" ಎಂದರು. ಅವರ ಮನೆಮಾತು ತೆಲುಗು. ತೆಲುಗಿನಲ್ಲಿ ಸಮಾಧಾನ ಎಂದರೆ ಉತ್ತರ. ಉತ್ತರ ಕೊಡುತ್ತೇವೆ, ಕೂತುಕೋ ಎಂದಿದ್ದು. ಹಿಂದಿನ ಸಾಲಿನ ಕನ್ನಡದ ಹೆಂಗಸರು, ಪಾಪ, ಸತ್ತ ಅಕ್ಕನನ್ನು ನೆನೆದು ಸಂಕಟಪಡುತ್ತಿದ್ದಾಳೆಂದು "ಸಮಾಧಾನ ಮಾಡ್ಕೊಳ್ಳೇ" ಎಂದು ಸೆರಗು ಜಗ್ಗಿದರು. ಅಂದಿನ ಕಾರ್ಯದರ್ಶಿಗೆ ತಮಿಳೊಂದೇ ಗೊತ್ತು. ತಮಿಳಿನಲ್ಲಿ ಸಮಾಧಾನ ಎಂದರೆ ಶಾಂತಿ, ರಾಜಿ. ಊರೊಳಗೆ ಯಾರೋ ಹೊಡೆದಾಡಿಕೊಂಡಿದ್ದಾರೆಂದು ತಿಳಿದ ಅವರು ಪೊಲೀಸ್ ಠಾಣೆಗೆ ಹೋಗಲು ಹೇಳಿದರು. ಸಭೆ ನಕ್ಕಿತು. ಅಡ್ಡಹೆಸರು ಅವತ್ತೇ ಅಂಟಿಕೊಂಡಿತು.

ನಕ್ಕವರಿಗೆಲ್ಲ ಆ ಅಕ್ಕ ರಾಮಕ್ಕನ ಸಂಗತಿ ಗೊತ್ತಿತ್ತು. ಗೊತ್ತಿದ್ದೂ ನಕ್ಕರಲ್ಲ ಎನ್ನುವುದೇ ಬೇಸರ.

ವರಲಕ್ಷ್ಮಮ್ಮ ಹುಟ್ಟಿದ್ದೂ ಬಾಳುತ್ತಿರುವುದೂ ಒಂದೇ ಮನೆಯಲ್ಲಿ. ಗಂಡು ಮಕ್ಕಳಿಲ್ಲದ ಅಪ್ಪ ಚಿಕ್ಕ ಮಗಳಿಗೆ ಮನೆ ಅಳಿಯನನ್ನು ತಂದುಕೊಂಡರು, ದೊಡ್ಡ ಮಗಳು ರಾಮಕ್ಕನನ್ನು ಗಡಿಯಾಚೆ ಮಾಲೂರು ಕಡೆಯ ಹಳ್ಳಿಗೆ ಕೊಟ್ಟರು. ಕೊಡುವಾಗ ಅದು ಬೇರೆ ರಾಜ್ಯವೆಂದು ಯಾರಿಗೂ ಅನ್ನಿಸಲಿಲ್ಲ. ಅದೇ ರಾಗಿ ಮುದ್ದೆ, ಅದೇ ಮಾತು, ಒಂದೇ ಮನೆದೇವರ ಒಕ್ಕಲು. ಇಲ್ಲಿನ ಹೆಣ್ಣುಗಳನ್ನು ಅಲ್ಲಿಗೆ, ಅಲ್ಲಿನವರನ್ನು ಇಲ್ಲಿಗೆ ಕೊಟ್ಟು ತರುವುದು ತಲೆತಲಾಂತರದಿಂದ ನಡೆದು ಬಂದದ್ದು. ಅಪ್ಪ ಅಮ್ಮ ತೀರಿಕೊಂಡ ಮೇಲೆ ರಾಮಕ್ಕನ ಪಾಲಿಗೆ ತವರು ಎಂದರೆ ಈ ತಂಗಿಯೇ. ಗೌರಿ ಹಬ್ಬಕ್ಕೆ ಬಾಗಿನ ಹೊತ್ತು ಹೋಗುತ್ತಿದ್ದವರೂ ಇವರೇ.

ಕೆಲವು ವರ್ಷಗಳ ಹಿಂದೆ, ನೀರಿನ ಜಗಳ ಜೋರಾಗಿದ್ದ ದಿನಗಳಲ್ಲಿ, ಇಂಥದೇ ಒಂದು ಬೆಳಗ್ಗೆ ವರಲಕ್ಷ್ಮಮ್ಮ ಸೊಪ್ಪು ಕಟ್ಟುತ್ತಿದ್ದಾಗ ಫೋನ್ ಬಂತು. ರಾತ್ರಿ ಎದೆನೋವೆಂದು ಮಲಗಿದ ರಾಮಕ್ಕ ಏಳಲಿಲ್ಲ. ಮದುವೆಯಾದ ಹೆಣ್ಣು ತೀರಿಕೊಂಡರೆ ಕೊನೆಗೆ ಮೈಮೇಲೆ ಹೊದಿಸುವುದು ತವರಿನ ಸೀರೆ. ಅದು ಬರುವವರೆಗೆ ಹೆಣ ಎತ್ತುವುದಿಲ್ಲ. ವರಲಕ್ಷ್ಮಮ್ಮ ಪೇಟೆಗೆ ಓಡಿ, ಅಂಗಡಿಯವರನ್ನು ಎಬ್ಬಿಸಿ, ಅಕ್ಕನಿಗೆ ಇಷ್ಟವಾದ ಅರಿಶಿನ ಬಣ್ಣದ ಸೀರೆ ಕೊಂಡರು. ಗಲಾಟೆಗೆ ಬಸ್ಸಿನ ಓಡಾಟ ನಿಂತಿತ್ತು. ಯುವರಾಜನ ಟೆಂಪೊ ಅವತ್ತು ಸೂಳಗಿರಿಗಲ್ಲ, ಮಾಲೂರಿನ ಸಂತೆಗೇ ಸೊಪ್ಪು ಹೊತ್ತು ಹೊರಟಿತ್ತು, ಅದರಲ್ಲೇ ಹತ್ತಿ ಕೂತರು.

ಗಡಿಯಲ್ಲಿ ಟೈರು ಸುಟ್ಟು ನಿಂತಿದ್ದ ಗುಂಪು ಗಾಡಿಯ ಹೊರರಾಜ್ಯದ ನಂಬರ್ ನೋಡಿ ತಡೆಯಿತು. ಅದೇ ಹೊತ್ತಿಗೆ ಇನ್ನೊಂದು ರಸ್ತೆಯಲ್ಲಿ ಈ ಕಡೆಯ ಗುಂಪು ಆ ಕಡೆಯ ಗಾಡಿಗಳನ್ನು ತಡೆದಿತ್ತಂತೆ. ಯಾರಿಗೂ ಯಾರೂ ಕಡಿಮೆಯಿರಲಿಲ್ಲ.

"ಕನ್ನಡದಾಗೇ ಬೇಡ್ಕೊಂಡೆ. ನಮ್ಮಕ್ಕ ಸತ್ತೋಗವ್ಳೆ, ಬಿಟ್ಬುಡ್ರಪ್ಪಾ ಅಂದೆ. ಒಬ್ಬನ ಕಣ್ಣಾಗೆ ನೀರೂ ಬಂತು, ಸುಳ್ಳು ಯಾಕೇಳ್ಲಿ. ‘ನೀನು ನಮ್ಮೋಳೇ ಕಣಮ್ಮ, ಗಾಡಿ ಅವರ್ದು’ ಅಂದ. ಅಷ್ಟ್ರಾಗೆ ಇನ್ನೊಬ್ಬ ಸೊಪ್ಪಿನ ಮೂಟೆ ಎಳೆದು ರಸ್ತೆಗೆ ಸುರಿದ. ನಾನು ಸೀರೆ ಚೀಲ ಕಂಕುಳಾಗಿಟ್ಕೊಂಡು ಇಳಿದು ನಡೆದ್ಬುಟ್ಟೆ."

ಬಿಸಿಲಲ್ಲಿ ನಡೆದು, ಅಲ್ಲಲ್ಲಿ ಯಾರದ್ದೋ ಬೈಕಿನ ಹಿಂದೆ ಕೂತು ಅಕ್ಕನ ಊರು ಮುಟ್ಟುವಾಗ ಕತ್ತಲು ಇಳಿದಿತ್ತು. ಹೊತ್ತು ಮುಳುಗಿದ ಮೇಲೆ ಮಣ್ಣು ಮಾಡುವ ಪದ್ಧತಿ ಆ ಊರಲ್ಲಿಲ್ಲ. ಕಾಯುವಷ್ಟು ಕಾದು, ಕೊನೆಗೆ ರಾಮಕ್ಕನ ವಾರಗಿತ್ತಿ ತನ್ನ ಪೆಟ್ಟಿಗೆಯಿಂದಲೇ ಒಂದು ಸೀರೆ ತಂದು ಹೊದಿಸಿ ಕಳಿಸಿದ್ದರು.

"ಹಸಿ ಮಣ್ಣಿನ ಮ್ಯಾಲೆ ಸೀರೆ ಹಾಸಕ್ಕಾಯ್ತದಾ? ವಾಪಸ್ ತಂದೆ. ತವರಿಲ್ದೋಳ ಥರಾ ಹೋಗ್ಬುಟ್ಳು ನಮ್ಮಕ್ಕ. ತವರು ಇತ್ತು. ದಾರ್ಯಾಗಿತ್ತು." ಇದನ್ನು ಹೇಳುವಾಗಲೂ ವರಲಕ್ಷ್ಮಮ್ಮನ ಕೈ ನಿಲ್ಲುವುದಿಲ್ಲ. ಒಂದು ಕಟ್ಟಿಗೆ ಮಾತ್ರ ಎರಡು ಸಲ ನಾರು ಸುತ್ತಿದ್ದನ್ನು ನೋಡಿ ಬಿಚ್ಚಿ ಮತ್ತೆ ಕಟ್ಟುತ್ತಾರೆ.

ಆ ನಂತರದ ಗ್ರಾಮಸಭೆಯಲ್ಲೇ ಅವರು ಮೊದಲ ಸಲ ಎದ್ದು ನಿಂತದ್ದು. ಆಮೇಲೆ ಒಂದನ್ನೂ ತಪ್ಪಿಸಿಲ್ಲ. ಗ್ರಾಮಸಭೆ ಕೂರುವುದು ಸರ್ಕಾರಿ ರಜೆಯ ದಿನ, ಸೊಪ್ಪಿಗೆ ರಜೆಯಿಲ್ಲ. ಬೆಳಗಾಗುವುದರೊಳಗೆ ಇನ್ನೂರು ಮುನ್ನೂರು ಕಟ್ಟು ಮುಗಿಸಿ, ಟೆಂಪೊ ಹತ್ತಿಸಿ, ಕೈಕಾಲು ತೊಳೆದು, ಸೊಂಟ ಹಿಡಿದುಕೊಂಡು ಬಂದು ಮುಂದಿನ ಸಾಲಲ್ಲಿ ಕೂರುತ್ತಾರೆ. ಕೇಳುವುದು ಸಿಟ್ಟಿನಿಂದಲ್ಲ, ಮನೆಯ ಹಿರಿಯರು ವಿಚಾರಿಸಿದ ಹಾಗೆ.

"ಅವತ್ತು ಗಡಿಯಾಗೆ ಪೊಲೀಸ್ ವ್ಯಾನ್ ಮ್ಯಾಲೆ ವ್ಯಾನ್ ನಿಂತಿದ್ವು. ಅದ್ರ ಡೀಸೆಲ್ ಯಾರ್ದು? ಕೋರ್ಟ್‌ನಾಗೆ ವಾದ ಮಾಡೋ ವಕೀಲ್ರ ಫೀಜು ಯಾರ್ದು? ನಾನು ಬೆಂಕಿಪೊಟ್ಣ ತಕ್ಕೊಂಡ್ರೂ ಅದ್ರಾಗೆ ಸರ್ಕಾರದ ಪಾಲೈತೆ. ನಮ್ ದುಡ್ಡಾಗೇ ನಮ್ ದಾರಿ ಕಟ್ಟಾಕ್ತಾರಲ್ಲ, ಇದ್ಯಾವ ನ್ಯಾಯ?"

ಅವರ ಮಾತಿನ ಸತ್ಯ ಕಾಣಲು ದೂರ ಹೋಗಬೇಕಿಲ್ಲ. ಊರ ಕೆರೆಯ ತೂಬು ಒಡೆದು ಎಷ್ಟೋ ಕಾಲವಾಯಿತು. ಮಳೆ ಬಂದಾಗ ಹೆಂಗಸರೇ ಗೋಣಿಚೀಲಕ್ಕೆ ಮಣ್ಣು ತುಂಬಿ ತುರುಕುತ್ತಾರೆ, ಒಂದು ವಾರಕ್ಕೆ ಅದು ಕೊಚ್ಚಿಕೊಂಡು ಹೋಗುತ್ತದೆ. ನದಿಯ ನೀರು ಯಾರದೆಂದು ಎರಡು ರಾಜ್ಯಗಳು ಹೊಡೆದಾಡುವಾಗ ಈ ಕೆರೆಯ ನೀರು ಯಾರದ್ದೂ ಆಗದೆ ಹಳ್ಳ ಸೇರುತ್ತದೆ. ತೂಬಿಗೆ ಹಣವಿಲ್ಲ ಎಂದವರು ಊರ ಬಾಗಿಲಿಗೆ ಬಣ್ಣಬಣ್ಣದ ಸ್ವಾಗತ ಕಮಾನು ನಿಲ್ಲಿಸಿದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ವರಲಕ್ಷ್ಮಮ್ಮ ಆ ಕಮಾನಿನ ಅಡಿಯಲ್ಲೇ ನಿಂತು ಗಟ್ಟಿಯಾಗಿ ಹೇಳಿದ್ದುಂಟು. ಅವತ್ತೂ ಜನ ನಕ್ಕರು.

ಆಗ ನಕ್ಕವರಲ್ಲಿ ಬಚ್ಚಪ್ಪನೂ ಒಬ್ಬರು. ಈಗ ಸದಸ್ಯಗಿರಿ ಇಲ್ಲ, ಮನೆ ಜಗಲಿಯ ಮೇಲೆ ಕೂತಿರುತ್ತಾರೆ. "ಆಯಮ್ಮ ಕೇಳಿದ್ದು ತಪ್ಪಲ್ಲ. ನಮ್ ಚಿಕ್ಕ ಪಂಚಾಯ್ತಿ ಹೇಳಿದ್ರೆ ದೊಡ್ ದೊಡ್ ಸರ್ಕಾರ ಕೇಳ್ತದಾ ಅಂತ ನಕ್ಕುಬುಟ್ವಿ. ಉತ್ತರ ಕೊಡ್ತೀನಿ ಕೂತ್ಕೋ ಅಂದೆ ನಾನು. ಕೊಡಾಕೆ ಉತ್ತರ ಎಲ್ಲಿತ್ತು?" ಎಂದು ತಲೆ ತಗ್ಗಿಸುತ್ತಾರೆ.

ಕಳೆದ ಗ್ರಾಮಸಭೆಯಲ್ಲಿ ಒಂದು ಬದಲಾವಣೆ ಆಯಿತು. ಹೊಸದಾಗಿ ಬಂದಿರುವ ಕಾರ್ಯದರ್ಶಿ ಚಂದ್ರಲೇಖಾ ಕೆಲಮಂಗಲದ ಹುಡುಗಿ, ಮೂರೂ ಭಾಷೆ ಬಲ್ಲವರು. ವರಲಕ್ಷ್ಮಮ್ಮ ಎಂದಿನಂತೆ ಎದ್ದು "ಸಮಾಧಾನ ಬೇಕು" ಎಂದಾಗ ಅವರು ಬರೆಯುವುದು ನಿಲ್ಲಿಸಿ, ತಲೆಯೆತ್ತಿ ಕೇಳಿದರು: "ಯಾವ ಸಮಾಧಾನಮ್ಮಾ? ತಮಿಳಿಂದಾ, ತೆಲುಗಿಂದಾ, ನಮ್ದಾ?"

ಸಭೆ ನಗಲು ಸಿದ್ಧವಾಯಿತು. ಇಷ್ಟು ವರ್ಷದಲ್ಲಿ ವರಲಕ್ಷ್ಮಮ್ಮನನ್ನು ಹೀಗೆ ಕೇಳಿದವರು ಯಾರೂ ಇರಲಿಲ್ಲ.

"ಮೊದ್ಲು ತಮಿಳಿಂದು ಬರ್ಕೋ ತಾಯಿ. ಇಬ್ರೂ ಕೂತು ರಾಜಿ ಆಗ್ಲಿ. ಆಮೇಲೆ ತೆಲುಗಿಂದು ಬರ್ಕೋ, ನಮ್ ದುಡ್ಡು ಎಲ್ಲೋಯ್ತು ಅಂತ ಉತ್ತರ ಕೊಡ್ಲಿ. ಕನ್ನಡದ್ದು ಬರೀಬ್ಯಾಡ. ಅದು ಸರ್ಕಾರ ಕೊಡೋದಲ್ಲ."

ಯಾರೂ ನಗಲಿಲ್ಲ. ಒಪ್ಪುವವರು ಕೈಯೆತ್ತಿ ಎಂದಾಗ ಹಿಂದಿನ ಸಾಲಿನಿಂದ, ಅಂದು ಸೆರಗು ಜಗ್ಗಿದ್ದ ಅದೇ ಹೆಂಗಸರ ಹಸಿರು ಬಳಿದ ಕೈಗಳು ಒಂದೊಂದಾಗಿ ಎದ್ದವು. ವರಲಕ್ಷ್ಮಮ್ಮ ತಿರುಗಿ ನೋಡಿದರು. ಹಿಗ್ಗಬೇಕಿತ್ತು, ಆದರೆ ಅವರ ಬಾಯಿಂದ ಬಂದದ್ದು ಬೇರೆ: "ಈ ಕೈನ ಮೊದಲ್ನೇ ದಿನವೇ ಎತ್ತಿದ್ರೆ ನಾನು ಒಂಟಿ ಹುಚ್ಚಿ ಅನ್ನಿಸ್ಕೊತಿರ್ಲಿಲ್ಲ ಕಣ್ರೇ."

ಕೇಳಿಕೆ ಮೇಲಕ್ಕೆ ಹೋಗಿದೆ. ಮೇಲಕ್ಕೆ ಹೋದದ್ದು ಸದ್ಯಕ್ಕೆ ಮೇಲೆಯೇ ಇದೆ. ತೂಬಿನ ಬಾಯಲ್ಲಿ ಇವತ್ತೂ ಗೋಣಿಚೀಲವೇ.

ಹೊತ್ತೇರಿದೆ. ಟೆಂಪೊ ಹೊರಟ ಮೇಲೆ ವರಲಕ್ಷ್ಮಮ್ಮ ಮನೆಗೆ ಬಂದು ಮುಖ ತೊಳೆಯುತ್ತಾರೆ. ನಡುಮನೆಯ ಟಿವಿಯಲ್ಲಿ ಮತ್ತೆ ಅದೇ ಸುದ್ದಿ: ಈ ಸಲ ಮಳೆ ಕಡಿಮೆ, ನೀರು ಬಿಡುವುದಿಲ್ಲ ಎಂದು ಒಬ್ಬರು, ಬಿಡಲೇಬೇಕು ಎಂದು ಇನ್ನೊಬ್ಬರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಅವರು ಟಿವಿ ಆರಿಸುತ್ತಾರೆ. ಒಬ್ಬಳೇ ಮಗಳು ಮಾಲಾ ಗಡಿಯಾಚೆ ಆನೇಕಲ್ ಕಡೆಗೆ ಸೊಸೆಯಾಗಿ ಹೋಗಿದ್ದಾಳೆ. ಈಗ ತುಂಬು ಬಸುರಿ. ಬರುವ ತಿಂಗಳು ಸೀಮಂತ. ತವರಿನವರು ಹಸಿರು ಸೀರೆ, ಹಸಿರು ಬಳೆ ಒಯ್ಯಬೇಕು, ಮಗಳನ್ನು ಬಾಣಂತನಕ್ಕೆ ಕರೆತರಬೇಕು.

ಹಸಿರು ಸೀರೆ ಆಗಲೇ ಬಂದಿದೆ. ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾರೆ. ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಲು ಮನಸ್ಸು ಬರಲಿಲ್ಲ. ಅಲ್ಲಿ ರಾಮಕ್ಕನ ಅರಿಶಿನದ ಸೀರೆ ಮಡಿಕೆ ಬಿಚ್ಚದೆ ಕೂತಿದೆ. ಅದನ್ನು ಉಡುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ಸುಡಲು ಕೈ ಬರುವುದಿಲ್ಲ. ಗಡಿ ಮತ್ತೆ ಮುಚ್ಚಿದರೆ ಹೇಗೆ ಹೋಗುತ್ತೀರಿ ಎಂದರೆ ವರಲಕ್ಷ್ಮಮ್ಮ ಗೂಡಿನ ಕಡೆ ನೋಡುತ್ತಾರೆ. ಕಣ್ಣು ತೇವವಾಗಿದೆ, ಒರೆಸಿಕೊಳ್ಳುವುದಿಲ್ಲ.

"ಸರ್ಕಾರಗಳಿಗೆ ಸಮಾಧಾನ ಯಾವಾಗ್ ಬತ್ತದೋ ಬರ್ಲಿ, ನಾನಂತೂ ಕೇಳೋದು ಬಿಡಾಕಿಲ್ಲ. ಒಂದ್ ಸೀರೆ ವಾಪಸ್ ತಂದಿವ್ನಿ. ಇದೊಂದು ವಾಪಸ್ ಬರಬಾರ್ದು."