ನಿಂತು ತಿನ್ನುವ ಸಾಲ್ತೇನ್ಯ

ಸುಕ್ರೆ ಊರಿನಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಹಸಿವಾದರೆ ಯಾರೂ ಮನೆ ಕಡೆ ಹೋಗುವುದಿಲ್ಲ, ಸಾಲ್ತೇನ್ಯ ಅಂಗಡಿಗೆ ಹೋಗುತ್ತಾರೆ. ಅಂಗೈಯಗಲದ, ಕಡುಬಿನ ಆಕಾರದ, ಒಲೆಯಲ್ಲಿ ಬೇಯಿಸಿದ ತಿಂಡಿ ಅದು. ಒಳಗೆ ಮಾಂಸ, ಆಲೂಗಡ್ಡೆ, ಬಟಾಣಿ, ಜೊತೆಗೆ ಸುಡುಸುಡುವ ಖಾರದ ಸಾರು. ನೆಟ್ಟಗೆ ಹಿಡಿದು, ಮೇಲಿನ ತುದಿ ಕಚ್ಚಿ, ತಲೆ ತುಸು ಹಿಂದಕ್ಕೆ ಬಾಗಿಸಿ ಮೊದಲು ಸಾರು ಹೀರಬೇಕು. ಒಂದು ತೊಟ್ಟು ಚೆಲ್ಲಿದರೂ, ಚೆಲ್ಲಿದವರೇ ಜೊತೆಯಲ್ಲಿದ್ದವರೆಲ್ಲರ ದುಡ್ಡು ಕೊಡಬೇಕು. ಮಕ್ಕಳಿಗೂ ಇದರಲ್ಲಿ ರಿಯಾಯಿತಿ ಇಲ್ಲ.

ಪ್ಲಾಸಿದಾ ಮೆಂದಿವಿಲ್ ಈ ಊರಿಗೆ ಸೊಸೆಯಾಗಿ ಬಂದವಳು. ಅತ್ತೆ ಎನ್ಕಾರ್ನಾಸಿಯೋನ್ ಮೊದಲ ಕೆಲವು ತಿಂಗಳು ಅವಳಿಗೆ ಹಿಟ್ಟು ಮುಟ್ಟಲು ಬಿಡಲಿಲ್ಲ. ಒದ್ದೆ ಬಟ್ಟೆಯ ತುಂಡನ್ನು ಮಡಿಸಿ, ಅದರ ಅಂಚನ್ನೇ ಜಡೆಯ ಹಾಗೆ ಹೆಣೆಯಲು ಹಚ್ಚಿದಳು. ಸಾಲ್ತೇನ್ಯದ ಬಾಯಿ ಮುಚ್ಚುವುದು ಆ ಜಡೆಯೇ, ಅದು ಸಡಿಲವಾದರೆ ಸಾರೆಲ್ಲ ಒಲೆಯ ಪಾಲು. ಅತ್ತೆ ಸೊಸೆಯನ್ನು ಹೊಗಳಿದ್ದು ಒಂದೇ ಸಲ. ಆ ಹೊಗಳಿಕೆಯಲ್ಲಿ ಇದ್ದದ್ದೂ ಒಂದೇ ಮಾತು: "ಸೋರಲ್ಲ."

ಗಂಡ ಲಾರಿ ಓಡಿಸುತ್ತಿದ್ದ. ಅವನು ತೀರಿಕೊಂಡ ವಾರವೇ ಪ್ಲಾಸಿದಾ ಅತ್ತೆಯ ಕಾಲದ ಅಂಗಡಿಯ ಒಲೆ ಹೊತ್ತಿಸಿದಳು. ಜನ ಆಡಿಕೊಂಡರು, ಹತ್ತು ಗಂಟೆಗೆ ಬಂದು ತಿಂದೂ ಹೋದರು. ಅಂದಿನಿಂದ ಅಂಗಡಿಯಲ್ಲಿ ಅವಳು ಮತ್ತು ನಾದಿನಿ ಹುಸ್ತಾ ಇಬ್ಬರೇ. ಹೂರಣ ಇವಳದು, ಒಲೆ ಅವಳದು. ಮಧ್ಯಾಹ್ನ ಹನ್ನೆರಡಕ್ಕೆ ಮೊದಲೇ ತಟ್ಟೆ ಬರಿದಾಗಿ ಬಾಗಿಲು ಮುಚ್ಚುವುದು ಆ ಮನೆಯ ಮರ್ಯಾದೆ. ಮಧ್ಯಾಹ್ನದ ಮೇಲೆ ಸಾಲ್ತೇನ್ಯ ಮಾರುವುದೆಂದರೆ ಹಳಸಿದ ಮಾತು ಆಡಿದ ಹಾಗೆ.

ಆ ಮರ್ಯಾದೆಗೆ ಈ ವರ್ಷ ಪೆಟ್ಟು ಬಿತ್ತು. ಪಕ್ಕದ ದೊಡ್ಡ ಕಚೇರಿ ಊರಾಚೆಯ ಹೊಸ ಕಟ್ಟಡಕ್ಕೆ ಹೋಯಿತು. ಅದರ ಗುಮಾಸ್ತರ ಹಸಿವೂ ಅವರ ಜೊತೆಗೇ ಹೋಯಿತು. ಹನ್ನೆರಡರ ಗಂಟೆ ಹೊಡೆದರೂ ತಟ್ಟೆಯಲ್ಲಿ ಉಳಿಯತೊಡಗಿತು. ಹೀಗೇ ನಡೆದರೆ ಅಂಗಡಿ ಮುಚ್ಚಬೇಕಾದೀತೆಂದು ಪ್ಲಾಸಿದಾಳಿಗೆ ಗೊತ್ತಿತ್ತು. ಹುಸ್ತಾಳ ಮುಂದೆ ಮಾತ್ರ ಅಂದಿರಲಿಲ್ಲ.

ಹೀಗಿರುವಾಗ ನೆರೆಮನೆಯವಳ ತಂಗಿಯ ಮಗ ಗ್ರೋವರ್ ಬಂದ. ಪರವೂರಿನವರಿಗೆ ಊರು ತೋರಿಸುವ ಸಂಸ್ಥೆಯಲ್ಲಿ ಅವನಿಗೆ ಕೆಲಸ. ಬೆಳಗ್ಗೆ ಸಾಲ್ತೇನ್ಯ, ಆಮೇಲೆ ಸ್ವಾತಂತ್ರ್ಯ ಸಾರಿದ ಮನೆ, ಸಾನ್ ಫೆಲಿಪೆ ಮಠದ ಬಿಳಿ ಚಾವಣಿ, ಸಂಜೆಗೆ ರೆಕೊಲೆತಾ ದಿಬ್ಬ. ಹೀಗೊಂದು ದಿನದ ಸುತ್ತಾಟ ಅವನ ತಲೆಯಲ್ಲಿತ್ತು.

"ಚಿಕ್ಕಮ್ಮ, ಮೊದಲನೇ ಜಾಗ ನಿಮ್ಮ ಅಂಗಡೀನೇ ಆಗ್ಲಿ ಅಂತ ನನ್ನಾಸೆ. ದಿನಾ ಜನ ಬರ್ತಾರೆ. ಆದ್ರೆ ಸಾರು ಒಂಚೂರು ಕಮ್ಮಿ ಮಾಡ್ಬೇಕು. ಬೆಳಗ್ಗೇನೇ ಮೈಮೇಲೆ ಚೆಲ್ಕೊಂಡ್ರೆ ಇಡೀ ದಿನ ಅದೇ ಅಂಗೀಲಿ ತಿರುಗ್ಬೇಕಲ್ಲ ಅವರು?"

"ಸಾರಿಲ್ಲದಿದ್ರೆ ಅದು ಸಾಲ್ತೇನ್ಯ ಅಲ್ಲ ಕಣೋ, ಬನ್ನು."

"ಚೌಕದ ಆ ಕಡೆ ಅಂಗಡಿಯವರು ಒಪ್ಕೊಂಡಿದಾರೆ. ತಟ್ಟೆ, ಮುಳ್ಳುಚಮಚ ಎಲ್ಲಾ ತಂದಿಟ್ಟಿದಾರೆ."

ಮುಳ್ಳುಚಮಚ ಅಂದದ್ದೇ ತಡ, ಹುಸ್ತಾ ಒಲೆಯ ಬಳಿಯಿಂದಲೇ ಉಗುಳಿದ ಶಬ್ದ ಮಾಡಿದಳು. ಪ್ಲಾಸಿದಾ ಮಾತ್ರ ತಟ್ಟೆಯಲ್ಲಿ ಉಳಿದದ್ದನ್ನು ನೋಡಿ, "ಈ ಶನಿವಾರ ಒಂದು ಸಲ ಕರ್ಕೊಂಡು ಬಾ, ಅವರಿಗೆ ಸಾರಿಲ್ಲದ್ದೇ ಮಾಡಿಡ್ತೀನಿ, ನೋಡೋಣ," ಎಂದಳು.

ದನದ ಕಾಲನ್ನು ಕುದಿಸಿದ ಸಾರು ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಹಾಗೆ ಗಟ್ಟಿಯಾದ ಹೂರಣವನ್ನು ಹಿಟ್ಟಿನೊಳಗೆ ಮಡಿಸಿದರೆ, ಒಲೆಯ ಕಾವಿಗೆ ಒಳಗೇ ಕರಗಿ ಸಾರಾಗುತ್ತದೆ. ಶುಕ್ರವಾರ ಅವಳು ಎರಡು ಪಾತ್ರೆ ಹೂರಣ ಮಾಡಿದಳು: ಒಂದು ಎಂದಿನಂತೆ, ಇನ್ನೊಂದು ಕಾಲುಸಾರು ಹಾಕದ್ದು. ಬೆಂದ ಮೇಲೆ ಎರಡೂ ನೋಡಲು ಒಂದೇ. ಆದ್ದರಿಂದ ಗುರುತಿಗೆಂದು ಒಂದು ಉಪಾಯ ಮಾಡಿದಳು. ಎಂದೂ ಜಡೆಯ ಗಂಟು ಬಲ ತುದಿಗೆ ಬರುತ್ತಿತ್ತು, ಒಣ ಸಾಲ್ತೇನ್ಯಗಳಿಗೆ ಎಡ ತುದಿಗೆ ಹಾಕುವುದು. ಮೊದಲ ಮೂರಕ್ಕೆ ಸರಿಯಾಗಿಯೇ ಹಾಕಿದಳು. ಅಷ್ಟರಲ್ಲಿ ಹುಸ್ತಾ ಕಚೇರಿ ಗುಮಾಸ್ತನೊಬ್ಬನ ಮಗಳ ಮದುವೆಯ ಸುದ್ದಿ ತೆಗೆದಳು. ಸುದ್ದಿ ಚೆನ್ನಾಗಿತ್ತು. ಪ್ಲಾಸಿದಾಳ ಕಿವಿ ಆ ಕಡೆ ಹೋಯಿತು, ಬೆರಳುಗಳು ತಮಗೆ ರೂಢಿಯಾದ ಬಲ ತುದಿಗೇ ಹೋದವು. ಅವಳಿಗೆ ಅದು ತಿಳಿಯಲೇ ಇಲ್ಲ.

ಶನಿವಾರ ಹತ್ತು ಗಂಟೆಗೆ ಗ್ರೋವರ್ ನಾಲ್ಕು ಜನರನ್ನು ಅಂಗಡಿಯ ಅಂಗಳಕ್ಕೆ ಕರೆತಂದ. ಎಡ ಗಂಟಿನವು ಮೂರಕ್ಕೇ ಮುಗಿದಾಗ ಹುಸ್ತಾ ನಾಲ್ಕನೆಯವರಿಗೆ ಕೈಗೆ ಸಿಕ್ಕಿದ್ದನ್ನೇ ಕೊಟ್ಟಳು. ಅಂಗಳದ ಇನ್ನೊಂದು ಬದಿಯಲ್ಲಿ ಎಂದಿನ ಗಿರಾಕಿಗಳು ನಿಂತಿದ್ದರು. ಅವರಲ್ಲಿ ಹಿರಿಯ, ದರ್ಜಿ ದೋನ್ ಎವಾರಿಸ್ತೊ. ತಿಳಿಬಣ್ಣದ ಕೋಟು ತೊಟ್ಟೇ ಸಾಲ್ತೇನ್ಯ ತಿನ್ನುವ ಗಂಡಸು ಎಂದು ಅವನಿಗೆ ಹೆಸರು. ಅವನು ತುದಿ ಕಚ್ಚಿದ, ತಲೆ ಹಿಂದಕ್ಕೆ ಬಾಗಿಸಿದ, ಕಾದ. ಇನ್ನೂ ಬಾಗಿಸಿದ. ಕೊನೆಗೆ ಸಾಲ್ತೇನ್ಯವನ್ನು ಕಣ್ಣ ಹತ್ತಿರ ಹಿಡಿದು ತೂತಿನೊಳಗೆ ಇಣುಕಿದ.

"ಪ್ಲಾಸಿದಾ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ನಿಜವಾದ ಕಳಕಳಿಯಿಂದ ಕೇಳಿದ.

ಅವಳು ಉತ್ತರಿಸುವ ಮೊದಲೇ ಆ ಬದಿಯಿಂದ ಚೀರಿದ್ದು ಕೇಳಿಸಿತು. ಬಂದವರಲ್ಲಿ ಎತ್ತರದ ಹೆಂಗಸೊಬ್ಬಳು ಸಾಲ್ತೇನ್ಯವನ್ನು ಬ್ರೆಡ್ಡಿನಂತೆ ಅಡ್ಡ ಹಿಡಿದು ನಡುವಿಗೇ ಬಾಯಿ ಹಾಕಿದ್ದಳು. ಕೆಂಪು ಸಾರು ಮಣಿಕಟ್ಟಿನಿಂದ ಮೊಣಕೈವರೆಗೆ ಇಳಿಯುತ್ತಿತ್ತು. ಅಂಗಳವೆಲ್ಲ ಒಂದೇ ಕೂಗು: "ಅವಳೇ ಕೊಡ್ಲಿ! ಎಲ್ಲರದ್ದೂ ಅವಳೇ ಕೊಡ್ಲಿ!"

ಗ್ರೋವರ್ ಓಡಿ ಬಂದ. "ಚಿಕ್ಕಮ್ಮ, ಮಾತು ಕೊಟ್ಟಿದ್ರಲ್ಲ!"

"ಮಾತು ಕೊಟ್ಟಿದ್ದು ಬಾಯಿ. ಕೈ ಕೇಳ್ಲಿಲ್ಲ." ಪ್ಲಾಸಿದಾ ಗಿರಾಕಿಗಳ ಕಡೆ ತಿರುಗಿದಳು. "ಇವರಿಗೆ ಅಂತ ಸಾರಿಲ್ಲದ್ದು ಮಾಡಿದ್ದೆ. ಅದು ನಿಮಗೆ ಬಂತು."

"ಅಂದ್ರೆ ನಮಗೆ ಇಷ್ಟು ವರ್ಷ ಕೊಟ್ಟಿದ್ದನ್ನ ಅವರಿಗೆ ಕೊಡೋಕೆ ನಿಂಗೆ ನಾಚಿಕೆ ಆಯ್ತು ಅನ್ನು," ಎಂದ ಎವಾರಿಸ್ತೊ.

ಆ ಮಾತು ನಾಟಿತು. ಅವಳು ತಟ್ಟೆಯ ಮುಂದೆ ನಿಂತು ಒಂದೊಂದನ್ನೇ ಅಂಗೈಯಲ್ಲಿಟ್ಟು ಮೆಲ್ಲಗೆ ಓಲಾಡಿಸಿದಳು. ಒಳಗೆ ಭಾರ ಸರಿದಾಡಿದ್ದನ್ನು ಉಳಿಸಿಕೊಂಡಳು, ಸುಮ್ಮನಿದ್ದದ್ದನ್ನು ಹುಸ್ತಾಳ ಬುಟ್ಟಿಗೆ ಹಾಕಿದಳು. ಎವಾರಿಸ್ತೊಗೆ ಬೇರೆ ಕೊಟ್ಟಳು. ಬಂದವರಲ್ಲಿ ಉಳಿದ ಮೂವರ ಕೈಗೂ ಸಾರಿದ್ದದ್ದನ್ನೇ ಕೊಟ್ಟು, ಇನ್ನೊಂದನ್ನು ಹಿಡಿದು ಎತ್ತರದ ಹೆಂಗಸಿನ ಎದುರು ಹೋಗಿ ನಿಂತಳು.

"ಗ್ರೋವರ್, ಹೇಳು ಅವಳಿಗೆ. ನೆಟ್ಟಗೆ. ಮೇಲಿನ ತುದಿ. ಅವಸರ ಬೇಡ, ಮೊದಲು ಕುಡೀಬೇಕು."

ಗ್ರೋವರ್ ಹೇಳಿದ. ಆ ಹೆಂಗಸು ಅಂಗಿಗೆ ಬೀಳದಂತೆ ಕಾಲು ಅಗಲಿಸಿ ಮುಂದಕ್ಕೆ ಬಾಗಿ ನಿಂತಳು, ಕಚ್ಚಿದಳು, ಹೀರಿದಳು. ನೆಲಕ್ಕೆ ಏನೂ ಬೀಳಲಿಲ್ಲ. ಅವಳು ತನ್ನ ಭಾಷೆಯಲ್ಲಿ ಏನೋ ಅಂದು, ಕೆಂಪು ಕಲೆಯಾದ ಅಂಗಿತೋಳನ್ನು ಎವಾರಿಸ್ತೊ ಕಡೆಗೆ ಎತ್ತಿ ತೋರಿಸಿ ನಕ್ಕಳು. "ಈ ಕಲೆಗೆ ತಣ್ಣೀರು, ಉಪ್ಪು. ಬಿಸಿನೀರು ಹಾಕ್ಲೇಬಾರದು ಅಂತ ಹೇಳಪ್ಪ," ಎಂದ ದರ್ಜಿ.

"ಈಗ ನೀನು ಕೇಳು," ಎಂದಳು ಪ್ಲಾಸಿದಾ ಗ್ರೋವರನಿಗೆ. "ಒಣದು ನಾನಿನ್ನು ಮಾಡಲ್ಲ. ತಟ್ಟೆ, ಮುಳ್ಳುಚಮಚ ಇಡಲ್ಲ. ಬರೋರಿಗೆ ತಿನ್ನೋದು ನಾನೇ ಕಲಿಸ್ತೀನಿ. ಆಗಲ್ಲ ಅಂದ್ರೆ ಚೌಕ ದಾಟ್ಕೊಂಡು ಹೋಗು, ನನಗೇನೂ ಬೇಜಾರಿಲ್ಲ."

ಬೇಜಾರಾಗುತ್ತಿತ್ತು, ಆದರೆ ದನಿಯಲ್ಲಿ ಕಾಣಿಸಲಿಲ್ಲ. ಗ್ರೋವರ್ ತನ್ನ ನಾಲ್ವರನ್ನು ನೋಡಿದ. ಉಳಿದ ಮೂವರೂ ಆಗಲೇ ಕಾಲು ಅಗಲಿಸಿ, ಮುಂದಕ್ಕೆ ಬಾಗಿ, ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ಕಾಯುತ್ತಿದ್ದರು, ಯಾರು ಮೊದಲು ಚೆಲ್ಲುತ್ತಾರೆಂದು. ಅವನು ಜೇಬಿನಿಂದ ಫೋನು ತೆಗೆದು ತನ್ನ ಸಂಸ್ಥೆಗೆ ಮಾತಾಡಿದ. "ಮೊದಲನೇ ಜಾಗ ದೋನ್ಯಾ ಪ್ಲಾಸಿದಾ ಅವರದ್ದೇ. ಹೌದು, ಸಾರು ಇರತ್ತೆ. ಬಿಳಿ ಬಟ್ಟೆ ಹಾಕ್ಕೊಂಡು ಬರ್ಬೇಡಿ ಅಂತ ಮೊದಲೇ ಹೇಳ್ಬಿಡಿ, ಅಷ್ಟೇ."

ಅಂದು ಸಂಜೆ ಪ್ಲಾಸಿದಾ ಮಾರುಕಟ್ಟೆಯಲ್ಲಿ ಎಂದಿಗಿಂತ ಎರಡು ದನದ ಕಾಲು ಹೆಚ್ಚಿಗೆ ಆರಿಸಿದಳು. ಕಟುಕನ ಹೆಂಡತಿ ಹುಬ್ಬೇರಿಸಿದಳು. "ಏನಕ್ಕಾ, ಮನೇಲಿ ಮದುವೇನಾ?"

"ಮದುವೆ ಅಲ್ಲಮ್ಮ, ಪಾಠ. ಸೋಮವಾರದಿಂದ ಶುರು," ಎಂದು ಪ್ಲಾಸಿದಾ ಕಾಲುಗಳನ್ನು ಚೀಲಕ್ಕೆ ಹಾಕಿಕೊಂಡಳು.