ಸುಣ್ಣ ಹೊಡೆದ ಇಗರ್ಜಿ

ಕೊಲ್ಲಿ ನಾಡಿನ ಜುಮೇರಾ ಲೇಕ್ ಟವರ್ಸ್‌ನ ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಸಾಕು, ಇಂಗ್ಲೆಂಡಿನವರಾದ ನಮ್ಮ ಮ್ಯಾನೇಜರರ ಊರಪುರಾಣ ಶುರು. ಅವರ ಹಳ್ಳಿಯ ಇಗರ್ಜಿ, ಅದರ ಚೌಕ ಗೋಪುರ, ಹಿಂದೆ ರೈತರು ಇಗರ್ಜಿಗೆ ಕೊಡಬೇಕಿದ್ದ ಬೆಳೆಯ ಪಾಲನ್ನು ತುಂಬಿಡುತ್ತಿದ್ದ ಕಣಜ, ಗತಿಯಿಲ್ಲದ ಮುದುಕಿಯರಿಗೆಂದು ಯಾರೋ ಪುಣ್ಯಾತ್ಮ ಕಟ್ಟಿಸಿದ ಸಾಲುಮನೆ. ಉಳಿದವರು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು. ನಾನು ಮಾತ್ರ ಕೂತು ಕೇಳುತ್ತಿದ್ದೆ. ಕರಾವಳಿಯ ಇಗರ್ಜಿಯ ಅಂಗಳದಲ್ಲೇ ಆಡಿ ಬೆಳೆದವನು. ಇನ್ನೊಬ್ಬರ ಇಗರ್ಜಿಯ ಸುದ್ದಿಯೂ ನನಗೆ ರುಚಿಯೇ.

ಅವರು ನಿವೃತ್ತರಾಗಿ ಊರಿಗೆ ಹೊರಟಾಗ, ಬೀಳ್ಕೊಡುಗೆಗೆ ಏನು ಕೊಡುವುದೆಂಬ ಚರ್ಚೆ ಬಂತು. ಎಲ್ಲರೂ ವಾಚು, ಪೆನ್ನು ಅನ್ನುತ್ತಿದ್ದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅವರ ಇಗರ್ಜಿಯನ್ನೇ ಮಾಡಿ ಕೊಡ್ತೇನೆ. ಒಂದು ಕಲ್ಲೂ ಆಚೀಚೆ ಆಗ್ಲಿಕ್ಕಿಲ್ಲ" ಅಂದುಬಿಟ್ಟೆ. ಪ್ರತಿ ಕ್ರಿಸ್ಮಸ್‌ಗೆ ಬಾಲಯೇಸುವಿನ ಗೋದಲಿ ಕಟ್ಟುವ ಕೈ ನನ್ನದು. ಥರ್ಮೋಕೋಲ್‌ನಲ್ಲಿ ಬೆಟ್ಟವನ್ನೇ ನಿಲ್ಲಿಸಿದವನಿಗೆ ಜಂಬ ಸ್ವಲ್ಪ ಜಾಸ್ತಿ.

ಅವರ ಮೇಜಿನ ಮೇಲಿದ್ದ ಫೋಟೋವನ್ನು ಮೊಬೈಲಿನಲ್ಲಿ ಹಿಡಿದು ತಂದು, ಅಲ್ ಕುಸೈಸ್‌ನ ನಮ್ಮ ಫ್ಲಾಟಿನ ಊಟದ ಮೇಜಿನ ಮೇಲೆ ಕೆಲಸ ಶುರು ಮಾಡಿದೆ. ಆ ಕಲ್ಲಿನ ಬೂದು ಬಣ್ಣ ಬರಿಸಲು ಕಪ್ಪು ಬಿಳಿ ಬೆರೆಸಿ ಬೆರೆಸಿ ಸುಸ್ತಾದೆ. ಫೋಟೋದಲ್ಲಿ ಬಾಗಿಲ ಮಾಡಿನ ಕೆಳಗೆ ಅಂಗೈಯಗಲದ ಬಿಳಿ ಕಲೆಯೊಂದಿತ್ತು. ಪಾರಿವಾಳದ ಕೆಲಸ ಅಂದುಕೊಂಡು ಅದನ್ನು ಬಿಟ್ಟುಬಿಟ್ಟೆ.

ಬೀಳ್ಕೊಡುಗೆಯ ಹಿಂದಿನ ಸಂಜೆ ಆಫೀಸಿನಿಂದ ಬಂದು ನೋಡುತ್ತೇನೆ, ಇಗರ್ಜಿ ಅಪ್ಪಟ ಬಿಳಿ! ವಿಸಿಟ್ ವೀಸಾದಲ್ಲಿ ಊರಿಂದ ಬಂದಿದ್ದ ಅಮ್ಮ ಸಿಂಕಿನಲ್ಲಿ ಬ್ರಶ್ ತೊಳೆಯುತ್ತಿದ್ದರು.

"ಅಮ್ಮಾ, ಎಂತ ಮಾಡಿದ್ದು ಇದು?"

"ಎಂತ ಮಾಡುದು? ಗೋಡೆ ಇಡೀ ಹಾವಸೆ ಹಿಡಿದ ಹಾಗೆ ಇತ್ತು. ನಾಳೆ ಫಂಕ್ಷನ್ ಅಲ್ವಾ? ಇಗರ್ಜಿಗೆ ಸುಣ್ಣ ಹೊಡೀದೆ ಇರ್ತಾರಾ ಯಾರಾದ್ರೂ? ನೀನು ಮರ್ತಿದ್ದಿ ಅಂತ ನಾನೇ ಹೊಡೆದೆ."

ನಮ್ಮೂರಲ್ಲಿ ವರ್ಷದ ಹಬ್ಬಕ್ಕೆ ಮೊದಲು ಇಗರ್ಜಿಗೆ ಸುಣ್ಣ ಹೊಡೆಯಲು ಊರಿಗೆ ಊರೇ ಸೇರುತ್ತದೆ. ಅಮ್ಮನ ಪ್ರಕಾರ ಬೂದು ಗೋಡೆಯೆಂದರೆ ಹೇಳುವವರು ಕೇಳುವವರು ಇಲ್ಲದ ಇಗರ್ಜಿ. ನನಗೋ ಪಿತ್ತ ನೆತ್ತಿಗೇರಿತು. ಬೆರೆಸಿಟ್ಟಿದ್ದ ಬೂದು ಬಣ್ಣ ಡಬ್ಬಿಯಲ್ಲೇ ಗಟ್ಟಿಯಾಗಿತ್ತು, ಅಂಥದ್ದು ಮತ್ತೆ ಬರುವ ಭರವಸೆ ಇರಲಿಲ್ಲ. "ಖಲಾಸ್, ನಿಮ್ಮ ಮರ್ಯಾದೆಗೂ ಸುಣ್ಣ ಆಯ್ತು" ಎಂದು ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಮರುದಿನ ಎಲ್ಲರ ಮುಂದೆ ಮ್ಯಾನೇಜರು ಪೆಟ್ಟಿಗೆ ತೆರೆದರು.

"ಸರ್, ಆ ಕಲ್ಲಿನ ಬಣ್ಣ..." ಅನ್ನುವಷ್ಟರಲ್ಲಿ ಕೈಯೆತ್ತಿ ನನ್ನನ್ನು ತಡೆದರು. ಬಗ್ಗಿ, ಬಾಗಿಲ ಮಾಡಿನ ಕೆಳಗೆ ಬೆರಳಿಟ್ಟರು.

"ಊರಿನ ಇಗರ್ಜಿಯಲ್ಲಿ, ಈ ಜಾಗದಲ್ಲಿ ಹಳೆಯ ಸುಣ್ಣದ ಒಂದು ಚೂರು ಇನ್ನೂ ಉಳಿದಿದೆ. ಒಂದು ಕಾಲದಲ್ಲಿ ಇಡೀ ಇಗರ್ಜಿ ಬಿಳಿಯಾಗಿತ್ತು. ಆಮೇಲಿನವರು ಕಲ್ಲೇ ಚೆಂದ ಅಂತ ಕೆರೆದು ಹಾಕಿದರು. ಚಿಕ್ಕಂದಿನಲ್ಲಿ ಆ ಚೂರನ್ನು ನೋಡಿಕೊಂಡು, ಪೂರ್ತಿ ಹೇಗಿತ್ತೋ ಅಂದುಕೊಳ್ಳುತ್ತಿದ್ದೆ. ನನ್ನಪ್ಪ ನೋಡಿಲ್ಲ, ಅಜ್ಜನೂ ನೋಡಿಲ್ಲ." ಅವರ ಕಣ್ಣು ತುಂಬಿತ್ತು. "ನಿನಗೆ ಹೇಗೆ ಗೊತ್ತಾಯಿತು ಇದು?"

ಪಾರಿವಾಳದ ವಿಷಯವನ್ನು ನುಂಗಿಕೊಂಡೆ. "ನನಗಲ್ಲ ಸರ್, ನಮ್ಮಮ್ಮನಿಗೆ" ಅಂದೆ. ಕುಣಿದುಬಿಡೋಣ ಅನ್ನುವಷ್ಟು ಖುಷಿಯಾಗಿತ್ತು ನನಗೆ.

ಆ ಸಂಜೆಯೇ ಅವರು ಅಮ್ಮನನ್ನು ನೋಡಲು ಮನೆಗೆ ಬಂದರು. ಅಮ್ಮ ಅವರ ತಟ್ಟೆಗೆ ಕೋಳಿ ಸಾರು ಬಡಿಸುತ್ತಲೇ ಇದ್ದರು. ಅವರು ಹೇಳಿದ ಧನ್ಯವಾದವನ್ನು ನಾನು ಅಮ್ಮನಿಗೆ ದಾಟಿಸಿದೆ.

"ಥ್ಯಾಂಕ್ಸ್ ಎಲ್ಲ ಬೇಡ ಅಂತ ಹೇಳು. ಊರಿಗೆ ಹೋಗಿ ದೊಡ್ಡದಕ್ಕೂ ಒಮ್ಮೆ ಸುಣ್ಣ ಹೊಡೆಸ್ಲಿ. ಜನ ಸಾಲದಿದ್ರೆ ನಾನು ಬರ್ತೇನೆ."

ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅವರು ತಟ್ಟೆಯಿಂದ ತಲೆಯೆತ್ತಿದರು, ನಗಲಿಲ್ಲ.

"ಯಾವಾಗ ಬರ್ತಾರೆ, ಕೇಳು" ಅಂದರು.