ಗದ್ದೆಗೆ ಕಳಿಸಿದ ಪಾಠ

ಅಮರೇಶ್ವರಿ ಸಿಂಧನೂರಿನ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಮನೆ ಮಸ್ಕಿಯಲ್ಲಿ. ಭತ್ತದ ನಾಟಿ ಶುರುವಾದರೆ ಅರ್ಧ ತರಗತಿ ಕೂಲಿಗೆ ಹೋಗುತ್ತದೆ. ಪಾಪ, ಗದ್ದೆಯಲ್ಲೇ ಕೇಳಿಕೊಳ್ಳಲಿ ಎಂದು ಪಾಠ ರೆಕಾರ್ಡ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕತೊಡಗಿದಳು. ಹಾಕಿದ್ದೇ ತಪ್ಪಾಯಿತು. ನಾಟಿ ಮುಗಿಯಿತು, ಕಟಾವೂ ಮುಗಿಯಿತು, ತರಗತಿ ಮಾತ್ರ ತುಂಬಲಿಲ್ಲ. ಖಾಲಿ ಬೆಂಚುಗಳಿಗೆ ಹಾಜರಿ ಕೂಗಿ ಕೂಗಿ ಅವಳಿಗೆ ಸಾಕಾಗಿದೆ.

ಮೊನ್ನೆ ಸಂಜೆ ಮಸ್ಕಿ ಬಸ್ಸಿನಲ್ಲಿ ಪಕ್ಕ ಕೂತ ಹುಡುಗಿಯ ಫೋನಿನಲ್ಲಿ ಅಶೋಕನ ಶಾಸನದ ಪಾಠ ಗಡಗಡನೆ ಓಡುತ್ತಿತ್ತು. ದನಿ ಅಮರೇಶ್ವರಿಯದೇ, ವೇಗ ಎರಡು ಪಟ್ಟು.

“ಯಾವ ಕಾಲೇಜವ್ವಾ?” ಎಂದು ಕೇಳಿದಳು.

“ಸಿಂಧನೂರಾಗರೀ, ಬಿ.ಎ. ಫಸ್ಟ್ ಇಯರ್. ಪರೀಕ್ಷೆ ಫೀ ಕಟ್ಟಾಕ ಹೋಗಿದ್ದೆ.”

“ಕ್ಲಾಸಿಗೆ ಹೋಗಂಗಿಲ್ಲೇನು?”

“ಯಾಕ್ರೀ? ಎಲ್ಲಾ ಗ್ರೂಪಿನ್ಯಾಗ ಬರ್ತಾವಲ್ರೀ.”

“ಆ ಪಾಠ ಹೇಳೋ ಮೇಡಂ ನಾನ.”

ಹುಡುಗಿ ಗಾಬರಿಯಾಗಿ ಫೋನು ಬಂದ್ ಮಾಡಿದಳು. ಅಮರೇಶ್ವರಿಯ ಮುಖವನ್ನೇ ನೋಡುತ್ತ ಹೇಳಿದಳು:

“ಅಯ್ಯ ಮೇಡಂ, ಗುರ್ತ ಸಿಗ್ಲಿಲ್ರೀ. ನೀವು ಇಷ್ಟು ಸಾವಕಾಶ ಮಾತಾಡ್ತೀರಿ ಅಂತ ಗೊತ್ತಿದ್ದಿಲ್ರೀ.”